ಅಲಿಗೆ 'ಸಿ', ಅಹ್ಮದ್‌ಗೆ 'ಎಕ್ಸ್': ಸೋಮಾಲಿಗಳು ಹೀಗೇಕೆ ಬರೆಯುತ್ತಾರೆ?

ಪ್ರಶ್ನೆ: ಆಫ್ರಿಕಾದ ಸೋಮಾಲಿಗಳು ಅಲಿ ಅನ್ನೋ ಹೆಸರನ್ನು ಇಂಗ್ಲಿಷಿನ 'ಸಿ' ಅಕ್ಷರದಿಂದ ಶುರು ಮಾಡುತ್ತಾರೆ. ಅಹ್ಮದ್‌ನಲ್ಲಿ 'ಎಚ್' ಇರಬೇಕಾದ ಕಡೆ 'ಎಕ್ಸ್' ಹಾಕುತ್ತಾರೆ. ಇದು ತಪ್ಪಲ್ವಾ?

ಉತ್ತರ: ತಪ್ಪಲ್ಲ, ತುಂಬಾ ಯೋಚಿಸಿ ಮಾಡಿದ್ದು. ಇದರ ಹಿಂದೆ ಇರುವವರು ಸೋಮಾಲಿ ವಿದ್ವಾಂಸ ಶಿರೆ ಜಾಮಾ ಅಹ್ಮದ್. ಅವರ ಹೆಸರನ್ನೇ ನೋಡಿ: ಜಾಮಾದ ಕೊನೆಗೆ 'ಸಿ', ಅಹ್ಮದ್‌ನ ನಡುವೆ 'ಎಕ್ಸ್'.

ಸೋಮಾಲಿಯಲ್ಲಿ ನಮ್ಮ ಹಕಾರದಂಥ ಶಬ್ದ ಇದೆ. ಅದಕ್ಕೆ 'ಎಚ್' ಆಗಲೇ ಹೋಯಿತು. ಅದರ ಜೊತೆಗೆ ಗಂಟಲ ಆಳದಿಂದ ಬರುವ ಇನ್ನೊಂದು ಹಕಾರ ಇದೆ. ಗಂಟಲು ಬಿಗಿದು ಹೊರಡಿಸುವ ಮತ್ತೊಂದು ಶಬ್ದವೂ ಇದೆ, ಅರಬ್ಬಿಯ 'ಐನ್' ಥರ. ಇವುಗಳಿಗೆ ಅಕ್ಷರ ಎಲ್ಲಿಂದ ತರೋದು? 'ಕ'ಗೆ 'ಕೆ' ಇದೆ, 'ಸ'ಗೆ 'ಎಸ್' ಇದೆ. ಹಾಗಾಗಿ 'ಸಿ' ಸುಮ್ನೆ ಉಳಿದಿತ್ತು, 'ಎಕ್ಸ್' ಕೂಡ. ಖಾಲಿ ಇದ್ದ ಆ ಎರಡಕ್ಕೂ ಕೆಲಸ ಸಿಕ್ಕಿತು: ಆಳದ ಹಕಾರಕ್ಕೆ 'ಎಕ್ಸ್', ಗಂಟಲು ಬಿಗಿದ ಶಬ್ದಕ್ಕೆ 'ಸಿ'. ಅಕ್ಷರದ ಮೇಲೆ ಚುಕ್ಕಿ ಬೇಡ, ಕೆಳಗೆ ಗೆರೆ ಬೇಡ. ಮಾಮೂಲಿ ಟೈಪ್‌ರೈಟರ್ ಇದ್ದರೆ ಸಾಕು. ಬಡ ದೇಶಕ್ಕೆ ಇದಕ್ಕಿಂತ ದೊಡ್ಡ ಉಪಕಾರ ಬೇರೆ ಇಲ್ಲ ಅಂತ ನನಗೆ ಅನಿಸುತ್ತದೆ.

ಬೇರೆ ದಾರಿಗಳೂ ಇದ್ದವು. 1920ರ ಸುಮಾರಿಗೆ ಉಸ್ಮಾನ್ ಯೂಸುಫ್ ಕೆನಾಡಿದ್ ಸೋಮಾಲಿಗೇ ಅಂತ ಹೊಸ ಲಿಪಿ ಕಟ್ಟಿದ್ದರು. ಅರಬ್ಬಿ ಲಿಪಿಯೇ ಬೇಕು ಅನ್ನುವವರು ಇನ್ನೂ ಜಾಸ್ತಿ ಗಟ್ಟಿಯಾಗಿ ವಾದಿಸಿದರು. 'ಲಾತೀನ್ ವಾ ಲಾ ದೀನ್' ಅನ್ನೋದು ಅವರ ಘೋಷಣೆ. ಲ್ಯಾಟಿನ್ ಲಿಪಿ, ಅಂದರೆ ಈ ಎಬಿಸಿಡಿ ಅಕ್ಷರಗಳು, ಧರ್ಮವಿಲ್ಲದ್ದು ಅಂತ ಅದರ ಅರ್ಥ. ಇದಕ್ಕೆ ವರ್ಷಗಟ್ಟಲೆ ಜಗಳ ನಡೆಯಿತು.

ಶಿರೆ ಬರೀ ವಾದ ಮಾಡುತ್ತಾ ಕೂರಲಿಲ್ಲ. ಬಾಯಿಂದ ಬಾಯಿಗೆ ಬಂದಿದ್ದ ಹಾಡು, ಗಾದೆ, ಕತೆಗಳನ್ನು ಕೂಡಿಹಾಕಿ ಈ ಅಕ್ಷರಗಳಲ್ಲೇ ಅಚ್ಚು ಹಾಕಿಸಿದರು. 1960ರ ದಶಕದಲ್ಲಿ 'ಇಫ್ತೀನ್ಕ ಅಖೂನ್ತ', ಅಂದರೆ 'ಜ್ಞಾನದ ಬೆಳಕು' ಅನ್ನೋ ಪತ್ರಿಕೆಯನ್ನೂ ನಡೆಸಿದರು. ಸೋಮಾಲಿಯನ್ನು ಹೀಗೆ ಬರೆಯಬಹುದು ಅಂತ ಜನ ಕಣ್ಣಾರೆ ಕಂಡರು.

1972ರ ಅಕ್ಟೋಬರ್ 21ರಂದು ಸೋಮಾಲಿಯಾದ ಸೇನಾ ಆಡಳಿತಗಾರ ಸಿಯಾದ್ ಬರ್ರೆ ಸರ್ಕಾರ ಲ್ಯಾಟಿನ್ ಲಿಪಿಯನ್ನು ಘೋಷಿಸಿತು. 1974ರಲ್ಲಿ ಪ್ರೌಢಶಾಲೆಗಳನ್ನು ಮುಚ್ಚಿ, ಸಾವಿರಾರು ವಿದ್ಯಾರ್ಥಿಗಳನ್ನೂ ಮೇಷ್ಟ್ರುಗಳನ್ನೂ ಹಳ್ಳಿಗಳಿಗೆ, ಒಂಟೆ ಮೇಯಿಸುವವರ ಬಿಡಾರಗಳಿಗೆ ಕಳಿಸಿದರು. ಅಲ್ಲಿ ಹುಡುಗ ಹುಡುಗಿಯರು ಅಪ್ಪ, ಅಜ್ಜನ ವಯಸ್ಸಿನವರಿಗೆ ಅಕ್ಷರ ತಿದ್ದಿಸಿದರು.