ಕೆತ್ತಿ ತೆಳ್ಳಗೆ ಮಾಡಿಕೊಡಿ ಎನ್ನುವವರಿಗೆ

“ಕಾಕಾ, ಇದರ ನೆಕ್ ಬಹಳ ದಪ್ಪ. ನನ್ನ ಕೈ ಚಿಕ್ಕದು. ಸ್ವಲ್ಪ ಕೆತ್ತಿಕೊಡಿ.”

ನೆಕ್ ಎಂದರೆ ಗಿಟಾರಿನ ಉದ್ದನೆಯ ಮರದ ಹಿಡಿಕೆ, ತಂತಿ ಒತ್ತುವ ಕೈ ಹಿಡಿಯುವುದು ಅದನ್ನೇ. ಗಿಟಾರು ಚೀಲದಿಂದ ಪೂರ್ತಿ ಹೊರಬರುವ ಮುಂಚೆಯೇ ಈ ಮಾತು ಬಂದಿರುತ್ತದೆ. ಹುಬ್ಬಳ್ಳಿಯಲ್ಲಿ ರಿಪೇರಿಯ ಮೇಜು ಹಾಕಿಕೊಂಡು ಕುಳಿತ ದಿನದಿಂದ ಇದನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಕೈ ತೋರಿಸು ತಮ್ಮಾ ಎನ್ನುತ್ತೇನೆ. ಅವನ ಅಂಗೈಗೆ ನನ್ನ ಅಂಗೈ ಹೊಂದಿಸಿ ನೋಡಿದರೆ ಬಹಳ ಸಲ ಅವನ ಬೆರಳೇ ಅರ್ಧ ಇಂಚು ಮುಂದೆ ಹೋಗಿರುತ್ತದೆ. ಆದರೂ ಕೈ ಚಿಕ್ಕದು! ಯಾರೋ ಹೇಳಿದ್ದಾರೆ, ಇವನು ನಂಬಿದ್ದಾನೆ.

ನಾನು ಕೆತ್ತುವುದಿಲ್ಲ. ನೆಕ್‌ನ ಒಳಗೆ ಕಾಲುವೆ ತೋಡಿ ಒಂದು ಉಕ್ಕಿನ ಸರಳು ಕೂರಿಸಿರುತ್ತಾರೆ, ಟ್ರಸ್ ರಾಡ್. ತಂತಿಗಳ ಎಳೆತಕ್ಕೆ ಮರ ಬಾಗದಂತೆ ತಡೆದು ಹಿಡಿಯುವುದು ಅದು. ಆ ಸರಳಿನ ಹಿಂದೆ ಎಷ್ಟು ಮರ ಉಳಿದಿದೆ ಎಂದು ಹೊರಗಿನಿಂದ ಹೇಳುವುದು ಕಷ್ಟ. ಒಬ್ಬ ಹುಡುಗ ಹಾಸ್ಟೆಲ್ ಕೋಣೆಯಲ್ಲಿ ಕುಳಿತು ಎರಡು ರವಿವಾರ ಪಾಲಿಷ್ ಪೇಪರ್ ಹಾಕಿ ತಾನೇ ಉಜ್ಜಿಕೊಂಡಿದ್ದ. ನಯವಾಗಿಯೇ ಉಜ್ಜಿದ್ದ, ಕೈ ಕೆಲಸ ಬರುತ್ತಿತ್ತು ಅವನಿಗೆ. ಆದರೆ ತಂತಿ ಏರಿಸಿದ ಕೂಡಲೇ ನೆಕ್ ಬಿಲ್ಲಿನಂತೆ ಮುಂದಕ್ಕೆ ಬಾಗಿತು. ಸರಳನ್ನು ಕೊನೆಯವರೆಗೆ ಬಿಗಿದರೂ ನೆಟ್ಟಗಾಗಲಿಲ್ಲ. ಆಮೇಲೆ ಹೊಸ ನೆಕ್ ತರಿಸಬೇಕಾಯಿತು. ಅವನು ಬಯ್ಯಿಸಿಕೊಳ್ಳಲು ಸಿದ್ಧನಾಗಿಯೇ ಬಂದಿದ್ದ. ಮುಖ ನೋಡಿ ಬಯ್ಯಲು ಮನಸ್ಸಾಗಲಿಲ್ಲ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ನೆಕ್‌ನ ದಪ್ಪಕ್ಕೂ ಬೆರಳು ಎಟುಕುವುದಕ್ಕೂ ಜನ ತಿಳಿದಷ್ಟು ಸಂಬಂಧವಿಲ್ಲ. ಇದೊಂದನ್ನು ಎಷ್ಟು ಹೇಳಿದರೂ ತಲೆಗೆ ಹೋಗುವುದಿಲ್ಲ, ಹಾಗಾಗಿ ಲೆಕ್ಕ ಮಾಡಿಯೇ ತೋರಿಸುತ್ತೇನೆ.

ನೆಕ್‌ನ ಎದುರಿಗೆ ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿಗಳು ಫ್ರೆಟ್. ತಲೆಯ ಕಡೆ ತಂತಿಗಳು ಕೂರುವ ಗೀರುಗಳ ಪಟ್ಟಿ ನಟ್, ಇನ್ನೊಂದು ಕೊನೆಯಲ್ಲಿ ಒಡಲಿನ ಮೇಲೆ ಅವನ್ನು ಹೊರುವುದು ಬ್ರಿಡ್ಜ್. ಫೆಂಡರ್ ಸ್ಟ್ರಾಟೊಕಾಸ್ಟರ್ ಮಾದರಿಯ ಗಿಟಾರಿನಲ್ಲಿ ನಟ್‌ನಿಂದ ಬ್ರಿಡ್ಜ್‌ವರೆಗೆ ತಂತಿಯ ಉದ್ದ 648 ಮಿ.ಮೀ. ಅದರಲ್ಲಿ ಮೊದಲನೆಯ ಫ್ರೆಟ್‌ನಿಂದ ನಾಲ್ಕನೆಯದಕ್ಕೆ ಸುಮಾರು 97 ಮಿ.ಮೀ. ಅಂತರ. ಗಿಬ್ಸನ್ ಲೆಸ್ ಪಾಲ್ ಮಾದರಿಯಲ್ಲಿ ತಂತಿಯ ಉದ್ದ 628 ಎಂದು ಹಿಡಿದರೆ ಅದೇ ಅಂತರ 94ಕ್ಕೆ ಇಳಿಯುತ್ತದೆ. ಫೆಂಡರ್ ಕಂಪನಿಯದೇ ಮಸ್ಟ್ಯಾಂಗ್, ಜಾಗ್ವಾರ್ ಮಾದರಿಗಳಲ್ಲಿ 610 ಮಿ.ಮೀ., ಅಂದರೆ ಅಂತರ 92ಕ್ಕೂ ಒಂದಿಷ್ಟು ಕಡಿಮೆ. ತೋರುಬೆರಳು ಮತ್ತು ಕಿರುಬೆರಳಿನ ನಡುವೆ ಚಾಚಬೇಕಾದದ್ದು ಇಷ್ಟು. ಇದರಲ್ಲಿ ನೆಕ್‌ನ ದಪ್ಪ ಎಲ್ಲಿಯೂ ಬರಲಿಲ್ಲ, ಗಮನಿಸಿ. ಹಿಂದಿನಿಂದ ಮೂರು ಮಿ.ಮೀ. ಮರ ಕೆತ್ತಿದರೆ ಒಂದು ಫ್ರೆಟ್ಟೂ ಇನ್ನೊಂದರ ಹತ್ತಿರ ಸರಿಯುವುದಿಲ್ಲ. ನಿಜವಾಗಿ ಬೆರಳು ಗಿಡ್ಡವಿದ್ದವರು ಕೇಳಬೇಕಾದದ್ದು ತಂತಿಯ ಉದ್ದ ಎಷ್ಟು ಎಂದು.

ಎರಡನೆಯದು ಅಗಲ. ನಟ್ ಹತ್ತಿರ ಫೆಂಡರ್ ಮಾದರಿಗಳು ಸಾಮಾನ್ಯವಾಗಿ 42 ಮಿ.ಮೀ., ಗಿಬ್ಸನ್ ಮತ್ತು ಐಬನೆಜ್ 43ರ ಆಸುಪಾಸು. ಒಂದು ಮಿಲಿಮೀಟರಿನಲ್ಲಿ ಏನಿದೆ ಎಂದು ನಗಬೇಡಿ. ಆರು ತಂತಿಗಳ ನಡುವಿನ ಐದು ಸಂದಿಗಳಿಗೆ ಹಂಚಿದರೂ ಕೈಗೆ ಅದು ಗೊತ್ತಾಗುತ್ತದೆ. ಬೆರಳು ದಪ್ಪಗಿದ್ದವರಿಗೆ ಪಕ್ಕದ ತಂತಿ ತಾಗಿ ಸ್ವರ ಸಾಯುವುದು ಅಗಲದ ದೋಷದಿಂದ. ಅದಕ್ಕೂ ಅವರು ನೆಕ್ ದಪ್ಪವಾಗಿದೆ ಎಂದೇ ಹೇಳುತ್ತಾರೆ.

ದಪ್ಪ ಮೂರನೆಯದು. ಐಬನೆಜ್‌ನ ‘ವಿಜರ್ಡ್ 3’ ನೆಕ್ ಮೊದಲ ಫ್ರೆಟ್‌ನಲ್ಲಿ 19 ಮಿ.ಮೀ., ಹನ್ನೆರಡನೆಯದರಲ್ಲಿ 21. ಈಗಿನ ಸಾಧಾರಣ ‘ಸಿ’ ಆಕಾರದ ನೆಕ್ 21ರಿಂದ 23. ಐವತ್ತರ ದಶಕದ ಗಿಬ್ಸನ್ ಮಾದರಿ ಹನ್ನೆರಡನೆಯ ಫ್ರೆಟ್‌ನಲ್ಲಿ 25ಕ್ಕೆ ಮುಟ್ಟುತ್ತದೆ. ಹಳೆಯ ಕೆಲವು ನೆಕ್‌ಗಳು ಅಷ್ಟು ದಪ್ಪ ಇರುವುದಕ್ಕೆ ಕಾಲದ ಕಾರಣವೂ ಇದೆ. ಟ್ರಸ್ ರಾಡ್‌ಗೆ ಗಿಬ್ಸನ್ 1920ರ ದಶಕದಲ್ಲೇ ಪೇಟೆಂಟ್ ಪಡೆದಿದ್ದರೂ, 1950ರಲ್ಲಿ ಫೆಂಡರ್ ತಯಾರಿಸಿದ ಮೊದಮೊದಲ ಎಸ್ಕ್ವೈರ್ ಎಂಬ ಗಿಟಾರುಗಳಲ್ಲಿ ಸರಳೇ ಇರಲಿಲ್ಲ. ಮರದ ದಪ್ಪವೇ ಎಲ್ಲ ಎಳೆತ ತಡೆಯಬೇಕಿತ್ತು. ಎಂಬತ್ತರ ದಶಕದಲ್ಲಿ ವೇಗವಾಗಿ ನುಡಿಸುವವರ ಕಾಲ ಬಂದಾಗ ನೆಕ್‌ಗಳು ತೆಳ್ಳಗೂ ಚಪ್ಪಟೆಗೂ ಆದವು. ಅಂದಿನಿಂದ ತೆಳುವೆಂದರೆ ಆರಾಮ ಎಂಬ ನಂಬಿಕೆ ಬೇರು ಬಿಟ್ಟಿದೆ. ಅಂಗಡಿಯಲ್ಲಿ ಎರಡು ನಿಮಿಷ ಹಿಡಿದಾಗ ತೆಳುವಾದದ್ದೇ ಹಿತವೆನಿಸುತ್ತದೆ, ಅದು ನಿಜ. ಕೈ ನೋಯಲು ಎರಡು ನಿಮಿಷ ಸಾಲುವುದಿಲ್ಲವಲ್ಲ.

ಕುಂದಗೋಳದ ಕಡೆಯ ಒಬ್ಬ ರೈತರು ಮಗನ ಜೊತೆ ಬಂದಿದ್ದರು. ಮಗ ಎಂಜಿನಿಯರಿಂಗ್ ವಿದ್ಯಾರ್ಥಿ. ತೆಳು ನೆಕ್‌ನ ಗಿಟಾರು, ಕೊಂಡು ಆರು ತಿಂಗಳಾಗಿತ್ತು. ಹೆಬ್ಬೆರಳ ಬುಡದಲ್ಲಿ ನೋವು. ಇನ್ನೂ ತೆಳ್ಳಗೆ ಮಾಡಬಹುದೇ ಎಂದು ಕೇಳಲು ಬಂದಿದ್ದ. ನಾನು ಅವನಿಗೆ ಮೇಲಿನ ಲೆಕ್ಕವನ್ನೆಲ್ಲ ಹೇಳುತ್ತಿದ್ದಾಗ ತಂದೆ ಮೇಜಿನ ಮೇಲಿದ್ದ ಗಿಟಾರಿನ ನೆಕ್ಕನ್ನು ಮುಷ್ಟಿಯಲ್ಲಿ ಹಿಡಿದು, ಬಿಟ್ಟು, ಮತ್ತೆ ಹಿಡಿದರು. ಗುದ್ದಲಿಗೆ ಕಾವು ಆರಿಸುವವರು ಸಂತೆಯಲ್ಲಿ ಹಿಡಿದು ನೋಡುವ ರೀತಿ. ಆಮೇಲೆ ಹೇಳಿದರು: “ಇದು ಕೈ ತುಂಬುವುದಿಲ್ಲ. ಇಂಥ ಕಾವು ಹಿಡಿದು ದಿನವಿಡೀ ಕಡಿದರೆ ಸಂಜೆ ಮುಷ್ಟಿ ಬಿಚ್ಚಲು ಬರುವುದಿಲ್ಲ.”

ನಾನು ಹತ್ತು ನಿಮಿಷದಿಂದ ಹೇಳಲು ಒದ್ದಾಡುತ್ತಿದ್ದದ್ದು ಅದೇ. ಹಿಡಿಕೆ ತೆಳುವಾದಷ್ಟೂ ಕೈ ಹೆಚ್ಚು ಮುಚ್ಚಿಕೊಳ್ಳಬೇಕು, ಹೆಬ್ಬೆರಳು ಹೆಚ್ಚು ಒತ್ತಬೇಕು. ಅಂಗೈಗೆ ಆನಿಕೊಳ್ಳಲು ಮರವೇ ಸಿಗದಿದ್ದರೆ ಭಾರವೆಲ್ಲ ಹೆಬ್ಬೆರಳ ತುದಿಗೆ ಬೀಳುತ್ತದೆ. ಇದೇ ಎಲ್ಲರ ನೋವಿಗೂ ಕಾರಣ ಎಂದು ನಾನು ಹೇಳುತ್ತಿಲ್ಲ. ಹೆಬ್ಬೆರಳನ್ನು ನೆಕ್‌ನ ಬೆನ್ನಿಗೆ ನೇರವಾಗಿ ಇಟ್ಟು, ಮಣಿಕಟ್ಟು ಇಳಿಸಿ ನುಡಿಸುವವರಿಗೆ ಚಪ್ಪಟೆ ತೆಳು ನೆಕ್ ನಿಜವಾಗಿಯೂ ಒಗ್ಗುತ್ತದೆ. ಹೆಬ್ಬೆರಳನ್ನು ಮೇಲಿನಿಂದ ಇಣುಕಿಸಿ ತಂತಿ ಎಳೆಯುವವರಿಗೆ ಕೈ ತುಂಬುವಂಥದ್ದು ಬೇಕಾಗುತ್ತದೆ. ಬೆರಳು ಜೋಮು ಹಿಡಿಯುತ್ತಿದ್ದರೆ, ರಾತ್ರಿಯೂ ನೋವಿದ್ದರೆ, ದಯವಿಟ್ಟು ನನ್ನ ಬಳಿ ಬರಬೇಡಿ, ಮೂಳೆ ವೈದ್ಯರ ಬಳಿ ಹೋಗಿ. ಆ ಹುಡುಗನ ಕೈಗೆ ಗಿರಾಕಿಯೊಬ್ಬರು ಬಿಟ್ಟುಹೋಗಿದ್ದ ದಪ್ಪ ನೆಕ್‌ನ ಗಿಟಾರು ಕೊಟ್ಟು, ನಾನೂ ಅವನ ತಂದೆಯೂ ಚಹಾ ಕುಡಿಯಲು ಹೊರಗೆ ಹೋದೆವು. ಈ ನೆಕ್‌ನ ಮರ ಯಾವುದು ಎಂದು ಅವರು ಕೇಳಿದರು. ಮೇಪಲ್, ಚಳಿ ದೇಶದ ಮರ ಎಂದೆ. “ನಮಗೆ ಕಾವಿಗೆ ಜಾಲಿಯೇ ಸರಿ” ಎಂದರು. ತಿರುಗಿ ಬಂದಾಗ ಮಗ ಇನ್ನೂ ನುಡಿಸುತ್ತಿದ್ದ. ಒಪ್ಪಿಕೊಳ್ಳಲಿಲ್ಲ, ಆದರೆ ನಿಲ್ಲಿಸಲೂ ಇಲ್ಲ.

ಅಕ್ಷರಗಳ ಬಗ್ಗೆ ಒಂದು ಮಾತು. ಸಿ, ಡಿ, ಯು, ವಿ ಎಂದು ಹೆಸರಿಡುವುದು ನೆಕ್ಕನ್ನು ಅಡ್ಡಕ್ಕೆ ಕೊಯ್ದರೆ ಕಾಣುವ ಬೆನ್ನಿನ ಆಕಾರಕ್ಕೆ. ಯು ಎಂದರೆ ಲಟ್ಟಣಿಗೆಯನ್ನು ಉದ್ದಕ್ಕೆ ಸೀಳಿದಂತೆ. ವಿ ಎಂದರೆ ದೋಣಿಯ ತಳ, ನಡುವೆ ಏಣು. ಡಿ ಬೆನ್ನು ಚಪ್ಪಟೆ, ಪಕ್ಕಗಳು ತುಂಬಿದವು. ಸಿ ಇವೆಲ್ಲವುಗಳ ನಡುವಿನದು. ಕಂಪನಿಯಿಂದ ಕಂಪನಿಗೆ ಸಿ ಬೇರೆ, ಒಂದೇ ಕಂಪನಿಯಲ್ಲೂ ಹತ್ತು ಬಗೆಯ ಸಿ. ಕೈಗೆ ನಿಜವಾಗಿ ತಿಳಿಯುವುದು ಭುಜ, ಅಂದರೆ ಬೆನ್ನಿನಿಂದ, ಎದುರಿಗೆ ಫ್ರೆಟ್ ಕೂರಿಸಿದ ಹಲಗೆಯಾದ ಫಿಂಗರ್‌ಬೋರ್ಡಿನ ಅಂಚಿಗೆ ಮರ ತಿರುಗುವ ಜಾಗ. ನಡುವೆ 21 ಮಿ.ಮೀ. ಇರುವ ಎರಡು ನೆಕ್‌ಗಳನ್ನು ಕಣ್ಣು ಮುಚ್ಚಿ ಹಿಡಿಸಿದರೆ, ಭುಜ ಇಳಿದದ್ದು ತೆಳು ಎಂದೂ ಭುಜ ತುಂಬಿದ್ದು ದಪ್ಪ ಎಂದೂ ಗಿರಾಕಿ ಆಣೆ ಮಾಡಿ ಹೇಳುತ್ತಾನೆ. ಮೊಬೈಲಿನಲ್ಲಿ ಅಂಕಿ ನೋಡಿ ತರಿಸಿಕೊಂಡವರು ಮೋಸ ಹೋಗುವುದು ಇಲ್ಲಿಯೇ. ಇನ್ನೊಂದು ತಮಾಷೆ ಇದೆ. ಅರವತ್ತರ ದಶಕದ ಫೆಂಡರ್ ನೆಕ್‌ಗಳ ಬುಡದಲ್ಲಿ ಎ, ಬಿ, ಸಿ, ಡಿ ಎಂದು ಮುದ್ರೆ ಒತ್ತಿರುತ್ತಾರೆ. ಅದು ಆಕಾರವಲ್ಲ, ನಟ್‌ನ ಅಗಲ. ಬಿ ಎಂದರೆ 41 ಮಿ.ಮೀ. ಚಿಲ್ಲರೆ. ಹಳೆಯ ನೆಕ್‌ನ ಚಿತ್ರ ಕಳಿಸಿ ಇದು ಬಿ ಆಕಾರವೇ ಸರ್ ಎಂದು ಕೇಳುವವರು ಇಂದಿಗೂ ಇದ್ದಾರೆ.

ನೆಕ್ ಸರಿಯಿಲ್ಲ ಎಂದು ಬಂದ ಹೊಸ ಗಿಟಾರುಗಳಲ್ಲಿ, ಅದರಲ್ಲೂ ಕಡಿಮೆ ಬೆಲೆಯವುಗಳಲ್ಲಿ, ನಾನು ಮೊದಲು ನೋಡುವುದು ನಟ್ಟನ್ನು. ತಂತಿಯನ್ನು ಎರಡನೆಯ ಮತ್ತು ಮೂರನೆಯ ಫ್ರೆಟ್ ನಡುವೆ ಒತ್ತಿ ಹಿಡಿದು, ಮೊದಲನೆಯ ಫ್ರೆಟ್‌ಗೂ ತಂತಿಗೂ ಇರುವ ಸಂದಿಯನ್ನು ಬೆಳಕಿಗೆ ಹಿಡಿದು ನೋಡಿ. ಒಂದು ತೆಳು ಕಾಗದ ನುಸುಳುವಷ್ಟು ಇದ್ದರೆ ಸಾಕು. ಅಂಚೆ ಕಾರ್ಡು ಹೋಗುವಷ್ಟಿದ್ದರೆ ಎಫ್ ಬಾರ್ ಕಾರ್ಡ್ (ಒಂದೇ ಬೆರಳನ್ನು ತಂತಿಗಳ ಮೇಲೆ ಅಡ್ಡಲಾಗಿ ಒತ್ತಿ ನುಡಿಸುವ ಸ್ವರಗುಚ್ಛ) ಹಿಡಿಯುವಾಗ ನಿಮ್ಮ ಕೈ ಸೋಲುವುದು ನಿಮ್ಮ ತಪ್ಪಲ್ಲ, ನೆಕ್‌ನದೂ ಅಲ್ಲ. ಸಣ್ಣ ಅರದಿಂದ ನಟ್‌ನ ಗೀರು ಇಳಿಸುವುದು ಅರ್ಧ ಗಂಟೆಯ ಕೆಲಸ. ಮನೆಯಲ್ಲಿ ಮಾಡಲು ಹೋಗಬೇಡಿ, ಒಂದು ಉಜ್ಜು ಹೆಚ್ಚಾದರೆ ತಂತಿ ಝೇಂಕರಿಸುತ್ತದೆ. ಕೆತ್ತಿಸಿಕೊಳ್ಳಲು ಬಂದ ಎಷ್ಟೋ ಜನ ನಟ್ ಇಳಿಸಿಕೊಂಡು, ನೆಕ್ ತೆಳುವಾಯಿತು ಎಂದು ಖುಷಿಯಿಂದ ಹೋಗಿದ್ದಾರೆ. ಒಂದೆರಡು ಸಲ ನಾನೂ ಹೌದು ಎಂದು ಸುಮ್ಮನಾಗಿದ್ದೇನೆ.

ಧಾರವಾಡದವರ ಸಮಸ್ಯೆ ಬೇರೆ. ಸಿತಾರರತ್ನ ರಹಿಮತ್ ಖಾನ್ ಅವರು ನೆಲೆಸಿ ಪರಂಪರೆ ಬೆಳೆಸಿದ ಊರು ಅದು. ಸಿತಾರ್ ಕಲಿತು ಗಿಟಾರ್ ಹಿಡಿದವರು ಅಲ್ಲಿಂದ ಆಗಾಗ ಬರುತ್ತಾರೆ. ಸಿತಾರಿನ ದಂಡಿ, ಅಂದರೆ ಅದರ ನೆಕ್, ಮೂರು ಇಂಚಿಗೂ ಅಗಲ. ಅದು ದಪ್ಪವಾಯಿತು, ಕೆತ್ತಿಕೊಡಿ ಎಂದು ಯಾವ ಸಿತಾರ್ ವಾದಕರೂ ಕೇಳಿದ್ದನ್ನು ನಾನು ಕಂಡಿಲ್ಲ. ಹೆಬ್ಬೆರಳು ಹಿಂದೆ ಆನಿಸಿ, ತಂತಿಯನ್ನು ಪರದೆಯ (ಸಿತಾರಿನ ಫ್ರೆಟ್) ಮೇಲೆ ಅಡ್ಡಕ್ಕೆ ಎಳೆದು, ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ತೆಗೆಯುವ ಕೈ ಅವರದು. ಮಾಳಮಡ್ಡಿಯ ಒಬ್ಬ ತರುಣ ಹಳೆಯ ಮಾದರಿಯ ಸ್ಟ್ರಾಟೊಕಾಸ್ಟರ್ ತಂದು, ಮೇಲಿನ ಸ್ವರಗಳಲ್ಲಿ ಎಳೆದರೆ ನಾದ ಕತ್ತು ಹಿಸುಕಿದಂತೆ ನಿಲ್ಲುತ್ತದೆ, ನೆಕ್ ಆಕಾರ ಬದಲಿಸಬೇಕೇ ಎಂದು ಕೇಳಿದ. ಹದಿನೈದನೆಯ ಫ್ರೆಟ್‌ನಲ್ಲಿ ತಂತಿಯನ್ನು ಸಲೀಸಾಗಿ ಮೂರು ಅರ್ಧಸ್ವರ ಎಳೆದು ತೋರಿಸಿದ. ನಾದ ಸತ್ತಿತು. ದೋಷ ಬೆನ್ನಿನದಲ್ಲ, ಎದುರಿನದು. ಫಿಂಗರ್‌ಬೋರ್ಡ್ ಚಪ್ಪಟೆಯಲ್ಲ, ಕಮಾನು. ಹಳೆಯ ಫೆಂಡರ್ ಮಾದರಿಗಳ ಕಮಾನಿನ ತ್ರಿಜ್ಯ 184 ಮಿ.ಮೀ., ಅಂದರೆ ದುಂಡು ಹೆಚ್ಚು. ತಂತಿಯನ್ನು ಅಡ್ಡಕ್ಕೆ ಎಳೆದಾಗ ಅದು ಕಮಾನಿನ ಎತ್ತರದ ಭಾಗವನ್ನು ದಾಟಬೇಕು, ಆಗ ಮುಂದಿನ ಫ್ರೆಟ್‌ಗೆ ತಾಗುತ್ತದೆ. ತಂತಿಯ ಎತ್ತರ ಏರಿಸಿದರೆ ಸ್ವಲ್ಪ ಸರಿಹೋಗುತ್ತದೆ. ಅವನ ಎಳೆತಕ್ಕೆ ಗಿಬ್ಸನ್‌ನಂತೆ 305 ಮಿ.ಮೀ. ಇರುವುದೇ ಸರಿ ಎಂದೆ. ಕಾರ್ಡ್ ಹಿಡಿದು ಹಾಡುವವರಿಗಾದರೋ ದುಂಡಾದ 184 ಬಹಳ ಹಿತ. ಅವನು ಹೋಗುವ ಮುಂಚೆ ಯಮನ್‌ನ ಒಂದು ತುಣುಕು ನುಡಿಸಿದ. ಕೆಲಸ ಬಿಟ್ಟು ಕೇಳಿದೆ. ರಿಪೇರಿಯ ಹಣ ಕೇಳುವುದು ಮರೆತೇಹೋಯಿತು.

ಹವೆಯನ್ನೂ ಹೇಳಬೇಕು. ಜುಲೈ ಮಳೆಯಲ್ಲಿ ಹೊಳಪಿನ ಪಾಲಿಷ್ ಇರುವ ನೆಕ್ ಬೆವರಿಗೆ ಅಂಟುತ್ತದೆ. ಕೈ ಜಾರದಿದ್ದರೆ ಎಲ್ಲ ನೆಕ್ಕೂ ದಪ್ಪವೇ. ಅತಿ ನಯದ ಉಕ್ಕಿನ ಉಣ್ಣೆಯಿಂದ ಬೆನ್ನಿನ ಹೊಳಪನ್ನಷ್ಟೇ ಮುರಿದರೆ ಸಾಕು, ಮರಕ್ಕೆ ಕೈ ಹಚ್ಚಬೇಕಿಲ್ಲ. ಬೇಸಿಗೆಯ ಒಣ ಗಾಳಿಗೆ ಮರ ಕುಗ್ಗಿ ಫ್ರೆಟ್‌ಗಳ ತುದಿ ಅಂಚಿನಿಂದ ಹೊರಗೆ ಚುಚ್ಚುತ್ತವೆ. ಅದನ್ನು ಅರ ಹಾಕಿ ತೀಡುತ್ತೇನೆ.

ಹಾಗಾದರೆ ಆರಿಸುವುದು ಹೇಗೆ? ಗಿಟಾರನ್ನು ಹೆಗಲಿಗೆ ತೂಗುಹಾಕುವ ನಿಮ್ಮದೇ ಪಟ್ಟಿ ತನ್ನಿ. ಪಟ್ಟಿಯನ್ನು ಮೊಣಕಾಲಿನವರೆಗೆ ಇಳಿಬಿಡುವವರಿಗೆ ಯಾವ ನೆಕ್ಕೂ ಆರಾಮ ಕೊಡದು, ಮಣಿಕಟ್ಟು ಮುರಿದಂತೆ ಬಾಗಿರುತ್ತದೆ. ನಿಂತು ಹತ್ತು ನಿಮಿಷ, ಕುಳಿತು ಹತ್ತು ನಿಮಿಷ ನುಡಿಸಿ. ವೇಗದ ತುಣುಕು ಬೇಡ, ಮೊದಲ ಫ್ರೆಟ್‌ನ ಬಾರ್ ಕಾರ್ಡ್ ಹಿಡಿಯಿರಿ. ನೋವು ಬಂದರೆ ಎಲ್ಲಿ ಬಂತು ಎಂದು ನನಗೆ ತೋರಿಸಿ. ಹೆಬ್ಬೆರಳ ಬುಡದಲ್ಲಿ ಬಂದರೆ ತುಸು ದಪ್ಪದ್ದನ್ನು ಕೊಟ್ಟು ನೋಡುತ್ತೇನೆ. ತೋರುಬೆರಳ ಬುಡದ ಗೆಣ್ಣಿಗೆ ಅಂಚು ಒತ್ತಿದರೆ ಭುಜ ಇಳಿದದ್ದನ್ನು. ಕಿರುಬೆರಳು ಎಟುಕದೆ ಒದ್ದಾಡಿದರೆ ತಂತಿಯ ಉದ್ದ ಕಡಿಮೆ ಇರುವುದನ್ನು. ಕೇಶ್ವಾಪುರದ ಚರ್ಚಿನಲ್ಲಿ ವರ್ಷಗಳಿಂದ ನುಡಿಸುವ ಒಬ್ಬ ಆಂಟಿ ಇದ್ದಾರೆ. ಅವರ ಅಂಗೈ ನನ್ನ ಅಂಗೈಯೊಳಗೆ ಮುಚ್ಚಿಹೋಗುವಷ್ಟು ಚಿಕ್ಕದು, ಅವರ ಗಿಟಾರಿನ ನೆಕ್ ಹನ್ನೆರಡನೆಯ ಫ್ರೆಟ್‌ನಲ್ಲಿ 25 ಮಿ.ಮೀ. ತಂತಿ ಬದಲಿಸಲಷ್ಟೇ ಬರುತ್ತಾರೆ.

ಕಳೆದ ತಿಂಗಳು ಗದಗಿನಿಂದ ಒಬ್ಬಳು ಹುಡುಗಿ ಬಂದಿದ್ದಳು. ತೆಳ್ಳಗಿನದೇ ಬೇಕೆಂದು ಹಟ. ಇಪ್ಪತ್ತು ನಿಮಿಷ ಕೂರಿಸಿದೆ. ಮೂರು ಗಿಟಾರು ನುಡಿಸಿ, ಮೊದಲು ಪಕ್ಕಕ್ಕೆ ಸರಿಸಿದ್ದ ದಪ್ಪ ನೆಕ್‌ನದನ್ನೇ ಎತ್ತಿಕೊಂಡಳು. ನನಗೂ ಸಮಾಧಾನವಾಯಿತು. ಹಣ ಕೊಟ್ಟು, ಚೀಲ ಹೆಗಲಿಗೇರಿಸಿ, ಬಾಗಿಲ ಬಳಿ ಹೋದವಳು ತಿರುಗಿ ನಿಂತು ಕೇಳಿದಳು:

“ಕಾಕಾ, ಮುಂದೆ ದಪ್ಪ ಎನಿಸಿದರೆ ಕೆತ್ತಿಕೊಡುತ್ತೀರಲ್ಲ?”