ಸೇರಿಸುವ ದನಿ, ಬಿಚ್ಚುವ ದನಿ: ಗುಂಪಿನಲ್ಲಿ ಹಾಡಿಸುವವರಿಗೆ ಒಂದಿಷ್ಟು ಟಿಪ್ಪಣಿ

ಗುಂಪಿನಲ್ಲಿ ಹಾಡಿದರೆ ಮನಸ್ಸು ಹಗುರಾಗುತ್ತದೆ ಅನ್ನೋದನ್ನು ಯಾರಿಗೂ ಹೊಸದಾಗಿ ಹೇಳಬೇಕಿಲ್ಲ. ಶನಿವಾರದ ಭಜನೆ ಮುಗಿಸಿ ಎದ್ದವರ ಮುಖ ನೋಡಿದರೆ ಸಾಕು. ಆದರೆ ಇದನ್ನೇ ಕಲಿತು ಬೇರೆಯವರಿಗೆ ಮಾಡಿಸಲು ಹೊರಟವರಿಗೆ ಒಂದು ಗೊಂದಲ ಎದುರಾಗುತ್ತದೆ. ಓದಲು ಸಿಗುವ ಬರಹಗಳಲ್ಲಿ ಎರಡು ಬೇರೆ ಬೇರೆ ಕೆಲಸಗಳನ್ನು ಒಂದೇ ಹೆಸರಿನಲ್ಲಿ ಕರೆದಿರುತ್ತಾರೆ. ಒಂದು, ಎಲ್ಲರ ದನಿಯೊಳಗೆ ನನ್ನ ದನಿ ಸೇರಿಸುವುದು. ಇನ್ನೊಂದು, ಎಲ್ಲರ ಎದುರು ನನ್ನ ದನಿ ಬಿಚ್ಚುವುದು. ಮೊದಲನೆಯದರಲ್ಲಿ ನಾನು ಯಾರಿಗೂ ಕಾಣುವುದಿಲ್ಲ, ಸುಖ ಇರುವುದೇ ಅಲ್ಲಿ. ಎರಡನೆಯದರಲ್ಲಿ ಪೂರ್ತಿ ಕಾಣುತ್ತೇನೆ, ಭಯವೂ ಅಲ್ಲೇ. ಯಾವ ಹೊತ್ತಿನಲ್ಲಿ ಯಾವುದನ್ನು ಮಾಡಿಸುತ್ತಿದ್ದೇವೆ ಅನ್ನೋದು ನಮಗೆ ಗೊತ್ತಿರಬೇಕು. ಈ ಟಿಪ್ಪಣಿ ಬರೆಯುವುದಕ್ಕೆ ಅದೇ ಕಾರಣ.

ಸೇರಿಸುವ ದನಿ

ಮೊದಲು ಉಸಿರಿನ ಲೆಕ್ಕ. ಸುಮ್ನೆ ಕೂತಾಗ ನಾವು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತೇವೆ. ಹಾಡುವಾಗ ಒಳಗೆ ಎಳೆಯುವ ಉಸಿರು ಚಿಕ್ಕದು, ಹೊರಗೆ ಬಿಡುವುದು ಉದ್ದ. ನಿಧಾನವಾದ ಹಾಡಿನಲ್ಲಿ ಈ ಲೆಕ್ಕ ನಿಮಿಷಕ್ಕೆ 6ರ ಆಸುಪಾಸಿಗೆ ಇಳಿಯಬಹುದು. ಉಸಿರು ಎಳೆಯುವಾಗ ಹೃದಯದ ಬಡಿತ ತುಸು ಜೋರಾಗುತ್ತದೆ, ಬಿಡುವಾಗ ತುಸು ನಿಧಾನವಾಗುತ್ತದೆ. ಮೆದುಳಿನಿಂದ ಎದೆ, ಹೊಟ್ಟೆವರೆಗೆ ಇಳಿಯುವ ವೇಗಸ್ ನರಕ್ಕೆ ಇದರಲ್ಲಿ ದೊಡ್ಡ ಪಾಲಿದೆ. ಧ್ವನಿಪೆಟ್ಟಿಗೆಯನ್ನು ಆಡಿಸುವ ನರಗಳೂ ಇದರ ಕವಲುಗಳೇ.

2001ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಇಟಲಿಯ ಸಂಶೋಧಕರ ಒಂದು ಲೇಖನ ಬಂತು. ಲ್ಯಾಟಿನ್ ಭಾಷೆಯ ಜಪಮಾಲೆ ಪ್ರಾರ್ಥನೆಯನ್ನು, ಆಮೇಲೆ ಒಂದು ಮಂತ್ರವನ್ನು ಜನರಿಂದ ಹೇಳಿಸಿ ಉಸಿರು, ರಕ್ತದೊತ್ತಡ ಎಲ್ಲ ಅಳೆದರು. ಎರಡರಲ್ಲೂ ಉಸಿರು ನಿಮಿಷಕ್ಕೆ ಸುಮಾರು 6ಕ್ಕೆ ಬಂದು ನಿಂತಿತು. ದೇವರು ಯಾರಾದರೇನು, ಸಾಲಿನ ಉದ್ದ ಒಂದೇ ಇತ್ತು! ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಓಂಕಾರದ ಬಗ್ಗೆ ಒಂದು ಚಿಕ್ಕ ಅಧ್ಯಯನ ನಡೆದು 2011ರಲ್ಲಿ ಪ್ರಕಟವಾಯಿತು. ಓಂ ಹೇಳುವವರ ಮೆದುಳನ್ನು ಸ್ಕ್ಯಾನ್ ಮಾಡಿದಾಗ, ಭಯ ಮತ್ತು ಭಾವನೆಗೆ ಸಂಬಂಧಪಟ್ಟ ಭಾಗಗಳಲ್ಲಿ ಚಟುವಟಿಕೆ ತಗ್ಗಿದ್ದು ಕಂಡಿತು. ಹೋಲಿಸಿ ನೋಡಲು ಅದೇ ಜನರಿಂದ ಸುಮ್ನೆ 'ಸ್ಸ್...' ಅನ್ನಿಸಿದ್ದರು. ಅದರಲ್ಲಿ ಹೀಗಾಗಲಿಲ್ಲ. ಅಂದರೆ ಬರೀ ಉಸಿರು ಬಿಡುವುದಕ್ಕೂ ದನಿ ಸೇರಿಸಿ ಬಿಡುವುದಕ್ಕೂ ಏನೋ ವ್ಯತ್ಯಾಸ ಇರಬಹುದು. ಇಷ್ಟು ಮಾತ್ರ ಹೇಳಬಹುದು, ಇದಕ್ಕಿಂತ ಜಾಸ್ತಿ ಬೇಡ. 'ಹಮ್ಮಿಂಗ್ ಮಾಡಿ, ವೇಗಸ್ ನರ ರಿಪೇರಿ ಮಾಡಿಕೊಳ್ಳಿ' ಎಂಬ ವಿಡಿಯೋಗಳನ್ನು ನಂಬಿ ಗುಂಪಿನಲ್ಲಿ ಹಾಗೆಲ್ಲ ಹೇಳಬೇಡಿ.

ಇನ್ನು ಒಟ್ಟಿಗೆ ಹಾಡುವ ವಿಷಯ. ಒಂದೇ ಸಾಲನ್ನು ಒಟ್ಟಿಗೆ ಹಾಡುವವರು ಒಂದೇ ಹೊತ್ತಿಗೆ ಉಸಿರು ಎಳೆಯಬೇಕು, ಬೇರೆ ದಾರಿಯಿಲ್ಲ. ಉಸಿರು ಒಂದಾದರೆ ಬಡಿತದ ಏರಿಳಿತವೂ ಒಂದೇ ಹೊತ್ತಿಗೆ ಆಗತೊಡಗುತ್ತದೆ. ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ 2013ರಲ್ಲಿ ಹದಿನೆಂಟರ ವಯಸ್ಸಿನ ಹುಡುಗ ಹುಡುಗಿಯರನ್ನು ಹಾಡಿಸಿ ಇದನ್ನು ತೋರಿಸಿದರು. ಹಾಡು ಎಷ್ಟು ನಿಧಾನವೋ, ಸಾಲುಗಳು ಎಷ್ಟು ಸಮವೋ, ಏರಿಳಿತವೂ ಅಷ್ಟು ಚೆನ್ನಾಗಿ ಹೊಂದಿತು.

ನನಗೆ ಇದಕ್ಕಿಂತ ಉಪಯೋಗಕ್ಕೆ ಬಂದದ್ದು 2015ರ ಇಂಗ್ಲೆಂಡಿನ ಅಧ್ಯಯನ. ದೊಡ್ಡವರಿಗಾಗಿ ನಡೆಯುವ ಸಂಜೆ ತರಗತಿಗಳನ್ನು ಏಳು ತಿಂಗಳು ನೋಡಿದರು. ಕೆಲವು ಹಾಡಿನ ತರಗತಿ, ಕೆಲವು ಕರಕುಶಲ, ಕೆಲವು ಕಥೆ ಕವನ ಬರೆಯುವ ತರಗತಿ. ಎಲ್ಲರೂ ಅಪರಿಚಿತರಾಗಿಯೇ ಬಂದವರು. ಮೊದಲ ತಿಂಗಳಿಗೇ ಹಾಡುವವರು ಒಬ್ಬರಿಗೊಬ್ಬರು ಹತ್ತಿರವಾದರು. ಉಳಿದವರಿಗೆ ಹೊತ್ತು ಹಿಡಿಯಿತು. ಆದರೆ ಏಳನೇ ತಿಂಗಳಿಗೆ ಎಲ್ಲ ತರಗತಿಗಳೂ ಹೆಚ್ಚುಕಡಿಮೆ ಸಮ! ಹಾಡು ಜಾಸ್ತಿ ಹತ್ತಿರ ತರುವುದಿಲ್ಲ, ಬೇಗ ಹತ್ತಿರ ತರುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ. ಪರಿಚಯ ಇಲ್ಲದವರು, ಮಾತಾಡಲು ಹಿಂಜರಿಯುವವರು, ಈಗ ತಾನೇ ದೊಡ್ಡ ಪೆಟ್ಟು ತಿಂದವರು ಇರುವ ಗುಂಪಿಗೆ ಆ 'ಬೇಗ' ಅನ್ನೋದೇ ದೊಡ್ಡದು.

ಬೇಗ ಅನ್ನೋದಕ್ಕೆ ಇನ್ನೊಂದು ಉದಾಹರಣೆ ಬಾಣಂತಿಯರದು. ಲಂಡನ್ನಿನಲ್ಲಿ ಹೆರಿಗೆಯ ನಂತರದ ಖಿನ್ನತೆ ಇದ್ದ 134 ತಾಯಂದಿರನ್ನು ಮೂರು ಪಾಲು ಮಾಡಿದರು. ಒಂದು ಗುಂಪು ಹತ್ತು ವಾರ ಮಕ್ಕಳನ್ನು ಮಡಿಲಲ್ಲಿಟ್ಟುಕೊಂಡು ಹಾಡಿತು. ಒಂದು ಗುಂಪು ಮಕ್ಕಳ ಜೊತೆ ಬೇರೆ ಆಟಗಳನ್ನು ಆಡಿತು. ಮೂರನೆಯದಕ್ಕೆ ಮಾಮೂಲಿ ಆರೈಕೆ. 2018ರಲ್ಲಿ ಫಲಿತಾಂಶ ಬಂತು: ಖಿನ್ನತೆ ಜಾಸ್ತಿ ಇದ್ದವರಲ್ಲಿ ಹಾಡಿದ ಗುಂಪು ಬೇಗ ಚೇತರಿಸಿಕೊಂಡಿತ್ತು. ಜೋಗುಳ ಮಗುವನ್ನು ಮಾತ್ರ ಮಲಗಿಸುವುದಲ್ಲ ಅಂತ ನಮ್ಮ ಅಜ್ಜಿಯರಿಗೆ ಗೊತ್ತಿತ್ತೋ ಏನೋ. ಬಾಣಂತಿಕೋಣೆಯ ಒಂಟಿತನದಲ್ಲಿ ಬಾಯಿಬಿಟ್ಟು ಹಾಡಲು ಸಿಗುತ್ತಿದ್ದ ಒಂದೇ ನೆಪ ಅದು.

ಶ್ವಾಸಕೋಶದ ತೊಂದರೆ ಇರುವವರಿಗೆ, ಮರೆವಿನ ಕಾಯಿಲೆಯವರಿಗೆ ನಡೆಸುವ ಹಾಡಿನ ಗುಂಪುಗಳೂ ಬ್ರಿಟನ್ನಿನಲ್ಲಿ ತುಂಬ ಇವೆ. ಬಂದವರು ಖುಷಿಯಾಗಿರುತ್ತಾರೆ. ಕಾಯಿಲೆಯ ಮೇಲಿನ ಪರಿಣಾಮಕ್ಕೆ ಇರುವ ಪುರಾವೆ ಇನ್ನೂ ತೆಳು.

ಬಿಚ್ಚುವ ದನಿ

ಈ ದಾರಿಯ ಕಥೆ ಒಂದು ಯುದ್ಧದ ಕಂದಕದಿಂದ ಶುರುವಾಗುತ್ತದೆ. ಆಲ್ಫ್ರೆಡ್ ವೋಲ್ಫ್‌ಜೋನ್ 1896ರಲ್ಲಿ ಬರ್ಲಿನ್‌ನಲ್ಲಿ ಹುಟ್ಟಿದ ಯಹೂದಿ. ಮೊದಲ ಮಹಾಯುದ್ಧದಲ್ಲಿ ಗಾಯಾಳುಗಳನ್ನು ಹೊರುವ ಕೆಲಸ ಮಾಡಿದರು. ಸಾಯುತ್ತಿದ್ದ ಸೈನಿಕರ ಕೂಗು ಯುದ್ಧ ಮುಗಿದ ಮೇಲೂ ಅವರ ಕಿವಿಯಲ್ಲಿ ಕೇಳುತ್ತಲೇ ಇತ್ತು. ನೆರವಿಗಾಗಿ ಕೂಗಿದ ಒಬ್ಬನನ್ನು ಬಿಟ್ಟು ಬಂದೆ ಎಂಬ ಪಾಪಪ್ರಜ್ಞೆ ಬೇರೆ. ವೈದ್ಯರಿಂದ ಗುಣವಾಗಲಿಲ್ಲ. ಕೊನೆಗೆ ಹಾಡು ಕಲಿಯಲು ಹೋದರು. ಅವರಿಗೆ ಹೊಳೆದದ್ದು ಇಷ್ಟು: ಸಾವಿನ ಅಂಚಿನಲ್ಲಿ ಮನುಷ್ಯನ ಗಂಟಲಿನಿಂದ ಅಂಥ ದನಿಗಳು ಬರುವುದಾದರೆ, ಆ ದನಿಗಳು ನಮ್ಮೆಲ್ಲರಲ್ಲೂ ಇವೆ. ಒಳ್ಳೆಯ ಹಾಡುಗಾರಿಕೆಯ ಹೆಸರಿನಲ್ಲಿ ಅವನ್ನೆಲ್ಲ ಮುಚ್ಚಿಟ್ಟಿದ್ದೇವೆ. ಕೇಳುತ್ತಿದ್ದ ಕೂಗುಗಳನ್ನು ತಾವೇ ಕೂಗಿ ನೋಡುತ್ತ ಅವರು ಚೇತರಿಸಿಕೊಂಡರು.

ನಾಜಿಗಳ ಕಾಟ ತಡೆಯಲಾರದೆ 1939ರಲ್ಲಿ ಲಂಡನ್ ಸೇರಿದರು. ಅಲ್ಲಿ ಶಿಷ್ಯರನ್ನು ಪಿಯಾನೋ ಪಕ್ಕ ನಿಲ್ಲಿಸಿ ಅವರ ದನಿಯನ್ನು ಮೇಲಕ್ಕೂ ಕೆಳಕ್ಕೂ ಒಯ್ಯುತ್ತಿದ್ದರು. ಗಂಡಸಿನ ದನಿ ಇಷ್ಟು, ಹೆಂಗಸಿನ ದನಿ ಇಷ್ಟು ಎಂಬ ಗೆರೆಯನ್ನು ಅವರು ಒಪ್ಪಲಿಲ್ಲ. ಕೀರಲು, ಗೊಗ್ಗರು, ಒಡಕು, ಗುಟುರು ಎಲ್ಲವೂ ದನಿಯೇ. 1962ರಲ್ಲಿ ಅವರು ತೀರಿಕೊಂಡ ಮೇಲೆ ದಕ್ಷಿಣ ಆಫ್ರಿಕಾ ಮೂಲದ ಶಿಷ್ಯ ರಾಯ್ ಹಾರ್ಟ್ ಗುಂಪನ್ನು ಮುನ್ನಡೆಸಿದರು. ಎಪ್ಪತ್ತರ ದಶಕದ ನಡುವಿನಲ್ಲಿ ಆ ಗುಂಪು ದಕ್ಷಿಣ ಫ್ರಾನ್ಸಿನ ಮಾಲೆರಾರ್ಗ್ ಎಂಬಲ್ಲಿ ನೆಲೆಸಿತು. 1975ರಲ್ಲಿ ಹಾರ್ಟ್ ಕಾರು ಅಪಘಾತದಲ್ಲಿ ತೀರಿಕೊಂಡರೂ ಅಲ್ಲಿನ ಪಾಠ ನಿಲ್ಲಲಿಲ್ಲ.

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ವೋಲ್ಫ್‌ಜೋನ್ ಹೇಳಿದ್ದು 'ಕಿರುಚಿ, ಎಲ್ಲ ಹೊರಗೆ ಹೋಗುತ್ತದೆ' ಅಂತಲ್ಲ. ಆ ಮಾತು ಜೋರಾದದ್ದು 1970ರ ನಂತರ ಅಮೆರಿಕದ ಕಿರುಚಾಟದ ಚಿಕಿತ್ಸೆಯಿಂದ. ಕಿರುಚಿದರೆ ಒಳಗಿನ ಸಿಟ್ಟು ಖಾಲಿಯಾಗುತ್ತದೆ ಅನ್ನೋದಕ್ಕೆ ಗಟ್ಟಿ ಪುರಾವೆ ಇಲ್ಲ. ಸಿಟ್ಟನ್ನು ಹಾಗೆ ಹೊರಹಾಕಲು ಹೋದರೆ ಅದು ಹೆಚ್ಚುವುದೂ ಉಂಟು. ವೋಲ್ಫ್‌ಜೋನ್ ದಾರಿಯಲ್ಲಿ ಒಬ್ಬರು ಪಕ್ಕದಲ್ಲಿ ನಿಂತು ಕೇಳುತ್ತಾರೆ. ಸ್ವರ ಒಂದೊಂದೇ ಮೆಟ್ಟಿಲು ಏರುತ್ತದೆ. ಒಡಕು ದನಿ ಬಂದಾಗ ಓಡಿಹೋಗದೆ ಅದರಲ್ಲೇ ತುಸು ಹೊತ್ತು ನಿಲ್ಲಬೇಕು. ಅದು ನಿಧಾನದ ಕೆಲಸ.

ನಮ್ಮಲ್ಲಿ ಎರಡನ್ನೂ ಒಟ್ಟಿಗೆ ಮಾಡಿದವರು

ಇದನ್ನೆಲ್ಲ ಓದುತ್ತಿದ್ದಾಗ ನನಗೆ ಬೀಸುವ ಪದಗಳು ಬೇರೆ ಥರ ಕೇಳಿಸತೊಡಗಿದವು. ಬೀಸುಕಲ್ಲಿನ ಎದುರುಬದುರು ಇಬ್ಬರು ಕೂರುತ್ತಾರೆ, ಗೂಟ ಇಬ್ಬರ ಕೈಯಲ್ಲೂ. ಬೆಳಗಿನ ಜಾವ, ಗಂಡಸರು ಎದ್ದಿರುವುದಿಲ್ಲ. ಕಲ್ಲು ತಿರುಗುವ ಲಯಕ್ಕೆ ತ್ರಿಪದಿ ಕೂರುತ್ತದೆ. ಧಾಟಿ ಊರಿನದ್ದು, ಎಲ್ಲರಿಗೂ ಗೊತ್ತಿರುವಂಥದ್ದು. ಆದರೆ ಮೂರು ಸಾಲಿನೊಳಗೆ ತವರಿನ ನೆನಪು, ಅತ್ತೆಯ ಕಾಟ, ಬಾರದ ಅಣ್ಣ, ಹೆರಿಗೆಯ ನೋವು ಎಲ್ಲ ಬರುತ್ತವೆ. ಯಾರಾದರೂ ಕೇಳಿ ಗದರಿದರೆ 'ಅಯ್ಯೋ, ಪದ ಹಾಡಿದ್ದಷ್ಟೇ' ಅಂದುಬಿಡಬಹುದು! ಲಯದಲ್ಲಿ ಇಬ್ಬರೂ ಸೇರಿದ್ದಾರೆ, ಮಾತಿನಲ್ಲಿ ಒಬ್ಬಳು ಬಿಚ್ಚಿಕೊಂಡಿದ್ದಾಳೆ, ಪದ ಅವಳಿಗೆ ಸೆರಗಿನ ಹಾಗೆ ಮರೆಯಾಗಿದೆ. ಮಿಕ್ಸಿ, ಗಿರಣಿ ಬಂದವು, ರಟ್ಟೆಯ ನೋವು ಹೋಯಿತು, ಒಳ್ಳೆಯದೇ ಆಯಿತು. ಬೀಸುಕಲ್ಲನ್ನು ಮತ್ತೆ ತರಬೇಕು ಅಂತ ಯಾರಾದರೂ ಹಾಡಿ ಹೊಗಳಿದರೆ ಅವರಿಂದಲೇ ಒಂದು ಸೇರು ರಾಗಿ ಬೀಸಿಸಬೇಕು. ಆದರೆ ಅದರ ಜೊತೆಗಿದ್ದ ಆ ಮರೆಯೂ ಹೋಯಿತು, ಅಲ್ವಾ?

ಗುಂಪು ನಡೆಸುವವರು ಇದರಿಂದ ಕಲಿಯಬಹುದು. 'ನಿಮ್ಮ ನೋವನ್ನು ಹಾಡಿ' ಅಂದರೆ ಯಾರೂ ಬಾಯಿ ಬಿಡುವುದಿಲ್ಲ. ಎಲ್ಲರಿಗೂ ಗೊತ್ತಿರುವ ಒಂದು ಧಾಟಿ ಕೊಟ್ಟು, ಎರಡು ಸಾಲು ಎಲ್ಲರೂ ಹಾಡಿ, ಮೂರನೇ ಸಾಲನ್ನು ಖಾಲಿ ಬಿಡಿ. ಯಾರಿಗೆ ಬೇಕೋ ಅವರು ತುಂಬಲಿ. ಯಾರೂ ತುಂಬದಿದ್ದರೆ ಎಲ್ಲರೂ ಗುನುಗಿ ಮುಂದಕ್ಕೆ ಹೋಗಲಿ. ಮೊದಮೊದಲು ತಮಾಷೆ ಸಾಲುಗಳೇ ಬರುತ್ತವೆ: ಬಸ್ಸು ಸಿಗಲಿಲ್ಲ, ಸಾರಿಗೆ ಉಪ್ಪು ಜಾಸ್ತಿಯಾಯಿತು. ಬರಲಿ. ಗುಂಪು ಹೇಗೆ ಕೇಳಿಸಿಕೊಳ್ಳುತ್ತದೆ ಅಂತ ಜನ ಹಾಗೇ ಪರೀಕ್ಷೆ ಮಾಡುತ್ತಾರೆ.

ಮಾಡಿಸುವಾಗ

ಬಹಳ ಜನ 'ನನಗೆ ಕಂಠ ಇಲ್ಲ' ಅಂತಲೇ ಬರುತ್ತಾರೆ. ಶಾಲೆಯ ಪ್ರಾರ್ಥನೆಯಲ್ಲಿ ಹಿಂದಿನ ಸಾಲಿಗೆ ಹೋಗು, ಬರೀ ತುಟಿ ಆಡಿಸು ಅನ್ನಿಸಿಕೊಂಡವರು. ಅವರಿಗೆ ಸಮಾಧಾನ ಹೇಳುತ್ತ ಕೂರಬೇಡಿ, ಹಾಡನ್ನೇ ಕೊಡಬೇಡಿ. ಮೊದಲು ಆಕಳಿಕೆ, ನಿಟ್ಟುಸಿರು, ಆಮೇಲೆ ನಿಟ್ಟುಸಿರಿಗೆ ತುಸು ದನಿ, ಆಮೇಲೆ ಬಾಯಿ ಮುಚ್ಚಿ ಗುನುಗು. ಕಿರಿದಾದ ಸ್ಟ್ರಾ ಬಾಯಲ್ಲಿಟ್ಟು ಅದರ ಮೂಲಕ ದನಿ ಮಾಡಿಸುವುದೂ ಒಳ್ಳೆಯದು. ಗಾಳಿಗೆ ಎದುರಾಗಿ ಒತ್ತಡ ಹುಟ್ಟುವುದರಿಂದ ಧ್ವನಿತಂತುಗಳು ಒಂದಕ್ಕೊಂದು ಬಲವಾಗಿ ಬಡಿದುಕೊಳ್ಳುವುದಿಲ್ಲ, ಗಂಟಲು ದಣಿಯುವುದಿಲ್ಲ. ಇದರಲ್ಲಿ ಚೆನ್ನಾಗಿ ಮಾಡಿದವರು, ಕೆಟ್ಟದಾಗಿ ಮಾಡಿದವರು ಅಂತಲೂ ಇರುವುದಿಲ್ಲ, ಎಲ್ಲರೂ ಒಂದೇ ಥರ ಹಾಸ್ಯಾಸ್ಪದವಾಗಿ ಕಾಣುತ್ತಾರೆ.

ಶ್ರುತಿಯನ್ನು ನಿಮ್ಮ ಕಂಠಕ್ಕೆ ಇಡಬೇಡಿ. ಹಾಡಿಸುವವರಿಗೆ ಹಾಯೆನಿಸುವ ಶ್ರುತಿ ಉಳಿದವರಿಗೆ ಎತ್ತರವಾಗುವುದೇ ಹೆಚ್ಚು. ಹೇಳಿಕೊಟ್ಟು ಹಾಡಿಸಿ, ಸಾಹಿತ್ಯದ ಹಾಳೆ ಹಂಚಬೇಡಿ. ಹಾಳೆ ಕೈಗೆ ಬಂದರೆ ತಲೆ ತಗ್ಗುತ್ತದೆ, ಪಕ್ಕದವರ ದನಿ ಕೇಳುವುದಿಲ್ಲ, ಓದು ಬರದವರು ಮುದುಡುತ್ತಾರೆ. ಬೇರೆ ಬೇರೆ ಧರ್ಮದವರು ಇರುವ ಗುಂಪಿನಲ್ಲಿ ದೇವರ ಹಾಡಿನಿಂದ ಶುರು ಮಾಡಿದರೆ ಒಬ್ಬಿಬ್ಬರು ಒಳಗೊಳಗೇ ಹೊರಗೆ ಉಳಿಯುತ್ತಾರೆ. ನಾಟಿ ಪದ, ಜೋಗುಳ, ಸೋಬಾನೆಯ ಧಾಟಿಗಳು ಆ ಮಟ್ಟಿಗೆ ಸುಲಭ. ಸೋಬಾನೆಯಲ್ಲೂ ಎಚ್ಚರ ಬೇಕು. ಗಂಡನನ್ನು ಕಳೆದುಕೊಂಡವರನ್ನು ಆ ಹಾಡಿನಿಂದ ದೂರ ಕೂರಿಸಿದ ಮನೆಗಳು ಇನ್ನೂ ಇವೆ.

ಹೊಸ ಗುಂಪಿನಲ್ಲಿ ಮೊದಲ ಕೆಲವು ವಾರ ಬರೀ ಸೇರಿಸುವ ಕೆಲಸ ಸಾಕು ಅನ್ನೋದು ನನ್ನ ಅಭಿಪ್ರಾಯ. ಮೊದಲ ದಿನವೇ ಒಬ್ಬೊಬ್ಬರನ್ನೂ ನಡುವೆ ನಿಲ್ಲಿಸಿ ದನಿ ಬಿಡಿಸುವವರಿದ್ದಾರೆ. ನೋಡುವವರಿಗೆ ಅದು ರೋಮಾಂಚನ, ನಿಂತವರಿಗೆ ಶಾಲೆಯ ಆ ಹಿಂದಿನ ಸಾಲೇ ಮತ್ತೆ ಎದುರಾದಂತೆ.

ಎಲ್ಲಿ ನಿಲ್ಲಿಸಬೇಕು

ತಲೆ ಸುತ್ತುವುದು, ಬೆರಳು ಜುಮ್ಮೆನ್ನುವುದು ಕಂಡರೆ ಯಾರೋ ಜಾಸ್ತಿ ಜಾಸ್ತಿ ಉಸಿರು ಎಳೆಯುತ್ತಿದ್ದಾರೆ ಅಂತ ಅರ್ಥ. ಕೂರಿಸಿ, ಮಾಮೂಲಿ ಉಸಿರಾಡಲು ಬಿಡಿ. ಗಂಟಲು ಉರಿದರೆ ಅವತ್ತಿಗೆ ಮುಗಿಯಿತು. ಕರ್ಕಶವಾದ ದನಿ ಮೂರು ವಾರವಾದರೂ ಸರಿಹೋಗದಿದ್ದರೆ ಕಿವಿ ಮೂಗು ಗಂಟಲು ವೈದ್ಯರಿಗೆ ತೋರಿಸಲೇಬೇಕು. ಅದಕ್ಕೆ ಕಷಾಯ, ಸ್ಟ್ರಾ ಯಾವುದೂ ಬದಲಿಯಲ್ಲ.

ಅಳು ಬರುವುದು ತೀರಾ ಸಾಮಾನ್ಯ. ಹಾಡು ನಿಲ್ಲಿಸಿ ಎಲ್ಲರೂ ಅವರ ಕಡೆ ತಿರುಗಿದರೆ ಅಳುತ್ತಿರುವವರು ನಾಚಿಕೊಳ್ಳುತ್ತಾರೆ. ಉಳಿದವರು ಮೆಲ್ಲಗೆ ಗುನುಗುತ್ತ ಇರಲಿ, ಒಬ್ಬರು ಮಾತ್ರ ಅಳುವವರ ಪಕ್ಕಕ್ಕೆ ಹೋಗಿ ಕೂರಲಿ. ಆದರೆ ಅಳುತ್ತಿರುವವರು ತಾವು ಎಲ್ಲಿದ್ದೇವೆ ಅನ್ನೋದೇ ಮರೆತಂತೆ ನಡುಗುತ್ತಿದ್ದರೆ, ಕರೆದರೂ ಓಗೊಡದಿದ್ದರೆ ಅದು ಹಾಡಿನಿಂದ ಆಗುವ ಕೆಲಸವಲ್ಲ. ಕಣ್ಣು ತೆರೆಸಿ, ನೆಲಕ್ಕೆ ಕಾಲು ಊರಿಸಿ, ಹೆಸರು ಹಿಡಿದು ಮಾತಾಡಿಸಿ. ಆಮೇಲೆ ಮನೋವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಕಾಣುವಂತೆ ಹೇಳಿ. ರಾತ್ರಿ ಹಗಲು ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಲು ಸರ್ಕಾರದ ಟೆಲಿ ಮನಸ್ ಸಹಾಯವಾಣಿ ಇದೆ, ಸಂಖ್ಯೆ 14416. ಕನ್ನಡದಲ್ಲೂ ಮಾತಾಡುತ್ತಾರೆ. ಈ ಸಂಖ್ಯೆಯನ್ನು ಮೊದಲ ದಿನವೇ, ಯಾರಿಗೂ ಏನೂ ಆಗದಿರುವಾಗಲೇ, ಎಲ್ಲರಿಗೂ ಬರೆದು ಕೊಟ್ಟುಬಿಡಿ.