ಸೆಲ್ಫ್ ಹೊಡೆದರೆ ‘ಕಟ್’ ಅಷ್ಟೇ: ಹಳೇ ಲಾರಿಯಲ್ಲಿ ನಾನು ಎಡವಿದ ಜಾಗ

ಡೀಸೆಲ್ ಮೆಕ್ಯಾನಿಕ್ ಟ್ರೇಡ್ ಓದುತ್ತಿರುವ ಗೆಳೆಯರಿಗೆ ಈ ಟಿಪ್ಪಣಿ. ನಿಜ ಹೇಳಬೇಕಂದ್ರೆ ನನಗೇ ಮರೆಯಬಾರದು ಅಂತ ಬರೆಯುತ್ತಿದ್ದೇನೆ. ಮೊನ್ನೆ ದಾವಣಗೆರೆಯಲ್ಲಿ ನಾನು ಕೆಲಸ ಕಲಿಯುವ ಗ್ಯಾರೇಜಿಗೆ ಮೆಕ್ಕೆಜೋಳ ಸಾಗಿಸುವ ಹಳೇ ಆರು ಚಕ್ರದ ಲಾರಿ ಬಂತು. ಬಂತು ಅಂದ್ರೆ, ಇನ್ನೊಂದು ಲಾರಿ ಎಳೆದುಕೊಂಡು ಬಂತು. ಡ್ರೈವರ್ ಅಣ್ಣ ಹೇಳಿದ್ದು ಇಷ್ಟೇ: “ಸೆಲ್ಫ್ ತಗೊಳ್ತಿಲ್ಲ ತಮ್ಮಾ. ಎರಡು ಬ್ಯಾಟ್ರಿನೂ ಹೊಸವು, ಸೆಲ್ಫ್ ಮೋಟರಿಗೆ ಕಾರ್ಬನ್ನೂ ಹೋದ ತಿಂಗಳೇ ಹಾಕ್ಸೀನಿ.” (ಸೆಲ್ಫ್ ಅಂದ್ರೆ ಇಂಜಿನ್ ತಿರುಗಿಸಿ ಸ್ಟಾರ್ಟ್ ಮಾಡುವ ಮೋಟರ್. ಕಾರ್ಬನ್ ಅಂದ್ರೆ ಅದರೊಳಗೆ ತಿರುಗುವ ಭಾಗಕ್ಕೆ ಕರೆಂಟ್ ದಾಟಿಸುವ ಬ್ರಷ್.)

ಇಂಜಿನ್ ತಿರುಗಿಯೂ ಸ್ಟಾರ್ಟ್ ಆಗದಿದ್ದರೆ ಅದು ಡೀಸೆಲ್ಲು, ಏರ್‌ಲಾಕ್, ಪಂಪಿನ ಕಥೆ. ಇಲ್ಲಿ ಇಂಜಿನ್ ತಿರುಗುವುದೇ ಇಲ್ಲ. ಎರಡನ್ನೂ ಬೆರೆಸಬೇಡಿ.

ಶುರು ಮಾಡುವ ಮುಂಚೆ ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್, ಚಕ್ರಕ್ಕೆ ಕಲ್ಲು. ಇಂಜಿನ್ ಸ್ಟಾಪ್ ಕೇಬಲ್ ಎಳೆದಿಡಿ. ಇಲ್ಲಾಂದ್ರೆ ಟೆಸ್ಟ್ ಮಾಡುವಾಗ ಅದು ಸ್ಟಾರ್ಟ್ ಆಗಿ ನಿಮ್ಮನ್ನೇ ಹೆದರಿಸುತ್ತೆ. ಕೈಯಲ್ಲಿ ಉಂಗುರ, ಕಡಗ ಇದ್ದರೆ ತೆಗೆಯಿರಿ. ಸೆಲ್ಫ್ ಒಂದು ಸಲಕ್ಕೆ ಹತ್ತು ಸೆಕೆಂಡಿಗಿಂತ ಜಾಸ್ತಿ ಒತ್ತಬೇಡಿ.

ಮೊದಲು ಕಿವಿ, ಆಮೇಲೆ ಮೀಟರ್

ಹೆಡ್‌ಲೈಟ್ ಹಾಕಿ, ಸೆಲ್ಫ್ ಹೊಡೆಯಿರಿ. ಏನೂ ಸದ್ದಿಲ್ಲ, ಲೈಟೂ ಹಾಗೇ ಉರಿಯುತ್ತಿದೆ ಅಂದ್ರೆ ಸೊಲೆನಾಯ್ಡಿಗೆ, ಅಂದ್ರೆ ಮೋಟರಿಗೆ ದೊಡ್ಡ ಕರೆಂಟ್ ಬಿಡುವ ಅಯಸ್ಕಾಂತದ ಸ್ವಿಚ್ಚಿಗೆ, ಕರೆಂಟೇ ಹೋಗುತ್ತಿಲ್ಲ. ಕೀ ಸ್ವಿಚ್, ರಿಲೇ, ಸೊಲೆನಾಯ್ಡಿನ 50 ನಂಬರ್ ಟರ್ಮಿನಲ್ಲಿಗೆ ಬರುವ ತೆಳು ವೈರ್ ನೋಡಿ. ‘ಕಟಕಟಕಟ’ ಅಂತ ಬಡಿದುಕೊಂಡರೆ ಸಾಮಾನ್ಯವಾಗಿ ಬ್ಯಾಟರಿ ಇಳಿದಿದೆ. ಸೊಲೆನಾಯ್ಡ್ ಎಳೆಯುತ್ತೆ, ಮೋಟರ್ ಕರೆಂಟ್ ಕೇಳುತ್ತೆ, ವೋಲ್ಟ್ ಕುಸಿಯುತ್ತೆ, ಸೊಲೆನಾಯ್ಡ್ ಕೈಬಿಡುತ್ತೆ, ವೋಲ್ಟ್ ಮತ್ತೆ ಏರುತ್ತೆ, ಮತ್ತೆ ಎಳೆಯುತ್ತೆ. ಅದೇ ಆ ಬಡಿತ.

ನಮ್ಮ ಲಾರಿ ಒಂದೇ ಸಲ ‘ಕಟ್’ ಅಂತು. ಇಂಜಿನ್ ಒಂದು ಸಲ ನಡುಗಿ ಸುಮ್ಮನಾಯಿತು. ಹೆಡ್‌ಲೈಟ್ ಸ್ವಲ್ಪ ಮಾತ್ರ ಮಂಕಾಯಿತು.

ಬ್ಯಾಟರಿ ಅಳೆದೆ. ಲಾರಿಯಲ್ಲಿ 12 ವೋಲ್ಟಿನ ಎರಡನ್ನು ಸಾಲಾಗಿ ಜೋಡಿಸಿ 24 ಮಾಡಿರುತ್ತಾರೆ. ಎರಡನ್ನೂ ಬೇರೆ ಬೇರೆ ಅಳೆಯಿರಿ, ಒಟ್ಟು ಲೆಕ್ಕ ನೋಡಿ ಮೋಸ ಹೋಗಬೇಡಿ. ಪೂರ್ತಿ ಚಾರ್ಜ್ ಇದ್ದರೆ ಒಂದೊಂದೂ 12.6 ತೋರಿಸಬೇಕು. ಒಂದು 12.6, ಇನ್ನೊಂದು 10.5 ಬಂದರೆ ಎರಡನೆಯದರಲ್ಲಿ ಒಂದು ಸೆಲ್ ಸತ್ತಿದೆ ಅಂತ ಅನುಮಾನ ಪಡಿ, ಯಾಕಂದ್ರೆ ಒಂದು ಸೆಲ್ಲಿಗೆ 2.1 ವೋಲ್ಟ್. ನಮ್ಮವು ಎರಡೂ 12.6, ಒಟ್ಟು 25.2.

ಸೆಲ್ಫ್ ಮೋಟರಿನ ದಪ್ಪ ಬೋಲ್ಟ್, ಅಂದ್ರೆ 30 ನಂಬರ್ ಟರ್ಮಿನಲ್, ಅಲ್ಲೂ 25.2. ಅಲ್ಲಿಗೆ ನಾನು ತೀರ್ಪು ಕೊಟ್ಟುಬಿಟ್ಟೆ: ಬ್ಯಾಟರಿ ಸರಿ, ವೈರ್ ಸರಿ, ಮೋಟರ್ ಹೋಗಿದೆ. ಗಾಡಿ ಕೆಳಗೆ ಮಲಗಿ, ಅಷ್ಟು ಭಾರದ ಮೋಟರ್ ಎದೆ ಮೇಲೆ ಇಳಿಸಿಕೊಂಡೆ. ಹೊರಗೆ ಬ್ಯಾಟರಿ ಕೊಟ್ಟು ನೋಡಿದರೆ ಜುಂ ಅಂತ ತಿರುಗಿತು. ಮೇಸ್ತ್ರಿ ನಕ್ಕು, “ವಾಪಸ್ ಕಟ್ಟು. ಆಮೇಲೆ ಸೆಲ್ಫ್ ಒತ್ತಿ ಅಳೆ” ಅಂದರು.

ಒಂದೇ ವೈರಿನ ಎರಡು ತುದಿ ಮಧ್ಯೆ ವೋಲ್ಟ್ ಎಲ್ಲಿಂದ ಬಂತು?

ಎರಡು ದಿನ ನನ್ನ ತಲೆ ಕೆಡಿಸಿದ್ದು ಇದೇ. ಮೇಸ್ತ್ರಿ ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್ ಕಂಬಕ್ಕೆ, ಇನ್ನೊಂದನ್ನು ಸೆಲ್ಫ್ ಮೋಟರಿನ ಮೈಗೆ ಇಡು ಅಂದರು. ಎರಡೂ ಮೈನಸ್ಸೇ ಅಲ್ವಾ? ಸೊನ್ನೆ ಬರಬೇಕು ತಾನೇ?

ನಮ್ಮೂರು ಚನ್ನಗಿರಿ ಕಡೆ. ಅಡಿಕೆ ತೋಟದ ಪೈಪ್ ನೆನಪಾದ ಮೇಲೇ ನನಗೆ ಇದು ಬಿಡಿಸಿಕೊಂಡಿದ್ದು. ಬೋರ್ ನೀರಿನ ಉಪ್ಪು ಕಟ್ಟಿ ಪೈಪಿನ ನಡುವೆ ಎಲ್ಲೋ ಕಿರಿದಾಗಿದೆ ಅಂದುಕೊಳ್ಳಿ. ಕೊನೆಯ ವಾಲ್ವ್ ಮುಚ್ಚಿದ್ದಾಗ ಅಲ್ಲಿ ಪ್ರೆಷರ್ ಪೂರ್ತಿ ಇರುತ್ತೆ. ಪೈಪ್ ಚೆನ್ನಾಗಿದೆ ಅಂತಲೇ ಅನ್ನಿಸುತ್ತೆ. ವಾಲ್ವ್ ತೆಗೆದ ಕೂಡಲೇ ನೀರು ಸಣ್ಣಗೆ ಸೋರುತ್ತೆ, ಪ್ರೆಷರೆಲ್ಲ ಆ ಕಿರಿದಾದ ಜಾಗದಲ್ಲೇ ಮುಗಿದುಹೋಗುತ್ತೆ. ನೀರು ಹರಿಯದೆ ತಡೆ ಗೊತ್ತಾಗುವುದಿಲ್ಲ.

ಮೀಟರ್ ತಾನು ಕರೆಂಟ್ ಎಳೆಯುವುದು ಇಲ್ಲ ಅನ್ನುವಷ್ಟು ಕಡಿಮೆ. ಅದು ಮುಚ್ಚಿದ ವಾಲ್ವ್ ಇದ್ದ ಹಾಗೆ. ಹತ್ತರಲ್ಲಿ ಒಂಬತ್ತು ಎಳೆ ಕಡಿದ ಕೇಬಲ್ಲಿನ ತುದಿಯಲ್ಲೂ ಅದು 25.2 ಅಂತಲೇ ತೋರಿಸುತ್ತೆ. ಹಾಗಾಗಿ ಸೆಲ್ಫ್ ಒತ್ತದೆ ಬರೆದುಕೊಂಡ 25.2 ಬ್ಯಾಟರಿ ಬಗ್ಗೆ ಸ್ವಲ್ಪ ಹೇಳುತ್ತೆ, ವೈರ್ ಬಗ್ಗೆ ಏನೂ ಹೇಳುವುದಿಲ್ಲ.

ಹಾಗಾದ್ರೆ ಮೀಟರನ್ನು ಓಮ್‌ಗೆ, ಅಂದ್ರೆ ತಡೆಯ ಅಳತೆಗೆ ಇಟ್ಟು, ಇಲ್ಲಾ ದಾರಿ ಇದ್ದರೆ ಸದ್ದು ಮಾಡುವ ಬೀಪ್ ಹಾಕಿ ನೋಡಬಾರದಾ? ನಾನೂ ನೋಡಿದೆ. ಬೀಪ್ ಅಂತು! ಒಂದೇ ಎಳೆ ಉಳಿದಿದ್ದರೂ ಅದು ಬೀಪ್ ಅನ್ನುತ್ತೆ. ಮೀಟರ್ ಕಡ್ಡಿಗಳನ್ನು ಒಂದಕ್ಕೊಂದು ಮುಟ್ಟಿಸಿದರೇ 0.2, 0.3 ಓಮ್ ತೋರಿಸುವ ಮೀಟರಿನಲ್ಲಿ 0.03 ಓಮ್ ಹುಡುಕುವುದು ಹೇಗೆ? ಆದರೆ ಸೆಲ್ಫ್ ಮೋಟರಿಗೆ ಆ 0.03 ದೊಡ್ಡ ಗೋಡೆ. ಸುಮಾರು 370 ಆಂಪ್ ಹರಿಯುತ್ತಿದೆ ಅಂತ ಇಟ್ಟುಕೊಳ್ಳಿ. 370 ಗುಣಿಸು 0.03, ಅಂದ್ರೆ 11.1 ವೋಲ್ಟ್ ಅಲ್ಲೇ ಕರಗಿಹೋಯಿತು. ಅದೇ ತಡೆ ಹತ್ತು ಆಂಪಿನ ಲೈಟಿಗೆ ಬರೀ 0.3 ವೋಲ್ಟ್ ತಿನ್ನುತ್ತೆ. ಲೈಟ್ ಚೆನ್ನಾಗಿ ಉರಿಯುತ್ತೆ, ಸೆಲ್ಫ್ ತಿರುಗಲ್ಲ.

ಕ್ಲೀನರ್ ಹುಡುಗನನ್ನು ಕ್ಯಾಬಿನ್ನಿನಲ್ಲಿ ಕೂರಿಸಿ, “ಒತ್ತು” ಅಂದಾಗ ಮಾತ್ರ ಮೂರು ಸೆಕೆಂಡ್ ಒತ್ತಿಸುತ್ತಾ ಅಳೆದೆ. ನನ್ನ ಪುಸ್ತಕದಲ್ಲಿ ಇರುವುದು ಇಷ್ಟು:

ಬ್ಯಾಟರಿ ಪ್ಲಸ್ ಕಂಬದಿಂದ ಬ್ಯಾಟರಿ ಮೈನಸ್ ಕಂಬ: 23.0
ಬ್ಯಾಟರಿ ಪ್ಲಸ್ ಕಂಬದಿಂದ 30 ನಂಬರ್ ಬೋಲ್ಟ್: 0.5
30 ನಂಬರ್ ಬೋಲ್ಟಿನಿಂದ ಮೋಟರ್ ಮೈ: 11.2
ಮೋಟರ್ ಮೈಯಿಂದ ಬ್ಯಾಟರಿ ಮೈನಸ್ ಕಂಬ: 11.3

ಕೊನೆಯ ಮೂರನ್ನು ಕೂಡಿಸಿ. 23.0! ಈ ಲೆಕ್ಕ ಹೊಂದಿದಾಗ ನನಗಾದ ಖುಷಿ ಹೇಳಕ್ಕಾಗಲ್ಲ. ಬ್ಯಾಟರಿ ಕೊಟ್ಟಿದ್ದೆಲ್ಲ ಎಲ್ಲೋ ಒಂದು ಕಡೆ ಖರ್ಚಾಗಲೇಬೇಕು. ಎಲ್ಲಿ ಅಂತ ಕಡ್ಡಿ ಇಟ್ಟು ಕೇಳುವುದಷ್ಟೇ ನಮ್ಮ ಕೆಲಸ. ಸೆಲ್ಫ್ ಒತ್ತಿದಾಗ ಬ್ಯಾಟರಿ 19 ವೋಲ್ಟಿನ ಆಸುಪಾಸಿಗಿಂತ ಕೆಳಗೆ ಇಳಿಯಬಾರದು. ಒಂದೊಂದು ಕಡೆಯ ವೈರಿನಲ್ಲಿ ಅರ್ಧ ವೋಲ್ಟಿಗಿಂತ ಜಾಸ್ತಿ ಹೋದರೆ ಅಲ್ಲಿ ಹುಡುಕಿ. ಇಲ್ಲಿ ಮೈನಸ್ ಕಡೆ 11.3 ಹೋಗಿದೆ.

ಮೋಟರ್ ಮೈಯಿಂದ ಕರೆಂಟ್ ಬ್ಯಾಟರಿ ಮೈನಸ್‌ಗೆ ಮರಳುವುದು ಇಂಜಿನ್ ಮೈ, ಆಮೇಲೆ ಚಾಸಿ (ಲಾರಿಯ ಲೋಹದ ಚೌಕಟ್ಟು) ಮೂಲಕ. ಈ ದಾರಿಯನ್ನು ತುಂಡು ತುಂಡು ಮಾಡಿ ಅಳೆದೆ. ಬ್ಯಾಟರಿ ಮೈನಸ್‌ನಿಂದ ಚಾಸಿಗೆ 0.2. ಚಾಸಿಯಿಂದ ಇಂಜಿನ್ ಮೈಗೆ 11.1. ಸಿಕ್ಕಿತು. ಇಂಜಿನ್ ಕೂತಿರುವುದು ರಬ್ಬರ್ ಮೌಂಟಿಂಗ್ ಮೇಲೆ, ಚಾಸಿಗೂ ಅದಕ್ಕೂ ಇರುವ ಗಟ್ಟಿ ನಂಟು ಅಂದ್ರೆ ಹೆಣೆದ ಅರ್ಥ್ ಪಟ್ಟಿ ಒಂದೇ. ಅದರ ಚಾಸಿ ಕಡೆಯ ಬೋಲ್ಟ್ ಬಿಚ್ಚಿದರೆ ಕೆಳಗೆ ಪೂರ್ತಿ ಬಣ್ಣ. ಆಯುಧ ಪೂಜೆಗೆ ಮುಂಚೆ ಗೇರ್‌ಬಾಕ್ಸ್ ಕೆಲಸ ಮಾಡಿಸಿ, ಚಾಸಿಗೆ ಹೊಸ ಬಣ್ಣ ಬಳಿಸಿ, ಅದರ ಮೇಲೇ ಪಟ್ಟಿ ಕಟ್ಟಿಬಿಟ್ಟಿದ್ದರು. ಬೋಲ್ಟಿನ ಥ್ರೆಡ್ಡಿನ ಮೂಲಕ ಸ್ವಲ್ಪ ಸಂಪರ್ಕ ಸಿಕ್ಕಿ ಅಷ್ಟು ದಿನ ಹೇಗೋ ಓಡಿದೆ, ಮಳೆಗೆ ತುಕ್ಕು ಹಿಡಿದ ಮೇಲೆ ಕೈಕೊಟ್ಟಿದೆ. ಆ ಬೋಲ್ಟ್ ಮುಟ್ಟಿದರೆ ಕೈ ಸುಡುವಷ್ಟು ಬಿಸಿ ಇತ್ತು. ಮೊದಲೇ ಮುಟ್ಟಿ ನೋಡಿದ್ದರೆ ಮೋಟರ್ ಇಳಿಸುವುದು ಉಳಿಯುತ್ತಿತ್ತು. ಇಂಥ ಗಾಡಿಯಲ್ಲಿ ಕ್ಲಚ್, ಆಕ್ಸಿಲರೇಟರ್ ಕೇಬಲ್ ಬಿಸಿಯಾಗುವುದೂ ಉಂಟು. ಕರೆಂಟ್ ಬೇರೆ ದಾರಿ ಇಲ್ಲದೆ ಅದರ ಮೂಲಕ ನುಗ್ಗುತ್ತೆ.

ಬ್ಯಾಟರಿ ಮೈನಸ್ ಬಿಚ್ಚಿ, ಎಮ್ರಿ ಪೇಪರಿನಲ್ಲಿ ಬಿಳಿ ಲೋಹ ಕಾಣುವ ತನಕ ಉಜ್ಜಿ, ಹಲ್ಲಿನ ವಾಷರ್ ಹಾಕಿ ಬಿಗಿದೆ. ಗ್ರೀಸ್ ಮೇಲೆ ಮಾತ್ರ, ಬಿಗಿದ ಮೇಲೆ. ಮತ್ತೆ ಅಳೆದರೆ ಚಾಸಿಯಿಂದ ಇಂಜಿನ್‌ಗೆ 0.2. ಇಂಜಿನ್ ಗುಡುಗುಡು ತಿರುಗಿತು.

ಉಳಿದಿದ್ದು ಚುಟುಕಾಗಿ

ವೋಲ್ಟ್ ಲೆಕ್ಕದಲ್ಲಿ ಮೋಟರಿಗೇ 20ರ ಹತ್ತಿರ ಸಿಗುತ್ತಿದ್ದು, ಆದರೂ ಬರೀ ‘ಕಟ್’ ಅಂದರೆ ಆಗ ಮೋಟರ್ ಇಳಿಸಿ: ಸೊಲೆನಾಯ್ಡ್ ಒಳಗಿನ ಕಾಂಟ್ಯಾಕ್ಟ್ ಸುಟ್ಟಿರಬಹುದು, ಕಾರ್ಬನ್ ಸವೆದಿರಬಹುದು. ಅದಕ್ಕೂ ಮುಂಚೆ ಕ್ರ್ಯಾಂಕ್ ಪುಲ್ಲಿ ನಟ್ಟಿಗೆ ಸ್ಪ್ಯಾನರ್ ಹಾಕಿ ಇಂಜಿನ್ ಕೈಯಲ್ಲಿ ತಿರುಗುತ್ತಾ ನೋಡಿ. ತಿರುಗದಿದ್ದರೆ ಸಿಲಿಂಡರಿನಲ್ಲಿ ನೀರೋ ಡೀಸೆಲ್ಲೋ ತುಂಬಿರಬಹುದು. ಇಂಜೆಕ್ಟರ್ ಬಿಚ್ಚದೆ ಬಲ ಹಾಕಿದರೆ ಕನೆಕ್ಟಿಂಗ್ ರಾಡ್ ಬಾಗುತ್ತೆ. ಪ್ಲಸ್ ಕಡೆ ಜಾಸ್ತಿ ವೋಲ್ಟ್ ಹೋದರೆ ಬ್ಯಾಟರಿ ಕರೆಂಟ್ ಕಡಿಯುವ ಮೇನ್ ಸ್ವಿಚ್ಚಿನ ಎರಡು ಬೋಲ್ಟ್ ಮಧ್ಯೆ ಮೊದಲು ಅಳೆಯಿರಿ.

ಡ್ರೈವರ್ ಅಣ್ಣ ಹೊಸ ಬ್ಯಾಟರಿಗಳನ್ನು ಒಂದು ಸಲ, ನನ್ನನ್ನು ಒಂದು ಸಲ ನೋಡಿ, “ಹಂಗಾರೆ ಹಳೇ ಬ್ಯಾಟ್ರಿ ಚಲೋನೇ ಇದ್ವಾ?” ಅಂದ. ನಾನು ಉತ್ತರ ಕೊಡಲಿಲ್ಲ.